ಅಂಗಡಿಗೆ ಬಂದ ಕವರು ವಾಪಸ್ ಕಳಿಸಿದರೆ

ದೀಪಾವಳಿಯ ಹಿಂದಿನ ವಾರ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಗಲ್ಲಾದ ಮುಂದೆ ಗಿರಾಕಿಗಳು ಮುಗಿಬಿದ್ದಿದ್ದಾರೆ. ನಡುವೆ ಅಂಚೆಯವರು ಸಹಿ ಹಾಕಿಸಿಕೊಳ್ಳಬೇಕಾದ ಕವರು ಹಿಡಿದು ನಿಂತಿದ್ದಾರೆ, ಮೇಲೆ ಕೋರ್ಟಿನ ಮೊಹರು. ‘ಯಜಮಾನರು ಊರಲ್ಲಿಲ್ಲ’ ಎನ್ನುತ್ತಾನೆ ಗಲ್ಲಾದಲ್ಲಿ ಕೂತ ಯಜಮಾನನೇ. ಮಾರನೆಯ ದಿನವೂ ಬಂದರೆ, ‘ಬೇಡ ಅಂದ್ರು ಅಂತ ಬರ್ಕೊಂಡು ಹೋಗಿ ಸ್ವಾಮಿ.’ ಕವರು ಹೋಯಿತು, ಕೇಸೂ ಹೋಯಿತು ಎಂಬ ಸಮಾಧಾನ. ವರ್ಷವೋ ಎರಡು ವರ್ಷವೋ ಕಳೆದು ಅಮೀನರು ಅಮಲ್ಜಾರಿ ವಾರಂಟು ಹಿಡಿದು ಬಂದಾಗಲೇ ಗೊತ್ತಾಗುವುದು: ಕೇಸು ಎಲ್ಲಿಗೂ ಹೋಗಿರಲಿಲ್ಲ, ಇವರಿಲ್ಲದೆಯೇ ನಡೆದು ಮುಗಿದಿತ್ತು.

ಕೋರ್ಟಿನ ಪಡಸಾಲೆಯಲ್ಲಿ ಇದಕ್ಕೆ ‘ಎಕ್ಸ್‌ಪಾರ್ಟಿ ಆಯ್ತು’ ಎನ್ನುತ್ತಾರೆ. ಕಾಗದದ ಮೇಲೆ ಅದು ಏಕಪಕ್ಷೀಯ ತೀರ್ಪು. ಟ್ರೇಡ್‌ಮಾರ್ಕ್ ದಾವೆಯಲ್ಲೂ ಆಗುತ್ತದೆ, ಗ್ರಾಹಕರ ದೂರಿನಲ್ಲೂ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಆದರೆ ಸಿಕ್ಕಿಕೊಂಡ ಮೇಲೆ ಹೊರಬರುವ ದಾರಿ ಬೇರೆ ಬೇರೆ, ಅದನ್ನು ತಿಳಿಯದೆ ತಪ್ಪು ಬಾಗಿಲು ಬಡಿದು ದಿನ ಕಳೆದುಕೊಳ್ಳುವವರಿದ್ದಾರೆ.

ಒಂದು ಮಿಕ್ಸಿ, ಎರಡು ಕೇಸು

ಇನ್ನೊಂದು ಕಾಲ್ಪನಿಕ ಉದಾಹರಣೆ. ಭದ್ರಾವತಿಯ ರಂಗಪ್ಪ ಸರ್ಕಲ್ ಬಳಿಯ ಪಾತ್ರೆ ಅಂಗಡಿಯವರು ಬೆಂಗಳೂರಿನ ಸಗಟು ವ್ಯಾಪಾರಿಯಿಂದ ಹೆಸರಾಂತ ಕಂಪನಿಯ ಮಿಕ್ಸಿಗಳನ್ನು ತರಿಸಿದ್ದಾರೆ. ಡಬ್ಬ ಅದೇ, ಬಣ್ಣ ಅದೇ, ಹೆಸರೂ ಅದೇ. ಒಳಗಿನ ಮೋಟರು ಮಾತ್ರ ಬೇರೆಲ್ಲಿಯದೋ. ನ್ಯೂಟೌನಿನ ಒಬ್ಬ ಗೃಹಿಣಿ ಕೊಂಡ ಮಿಕ್ಸಿ ಮೂರನೇ ವಾರಕ್ಕೆ ಸುಟ್ಟುಹೋಯಿತು. ಕಂಪನಿಯ ಸರ್ವಿಸ್ ಸೆಂಟರಿನವರು ‘ಇದು ನಮ್ಮದಲ್ಲ’ ಎಂದರು. ಆಕೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟರು. ಅತ್ತ ಕಂಪನಿಯವರಿಗೂ ಸುದ್ದಿ ಮುಟ್ಟಿ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ಹೂಡಿದರು.

ಅಂಗಡಿಯವರ ತಲೆಯಲ್ಲಿ ಇದೆಲ್ಲ ಒಂದೇ ‘ಮಿಕ್ಸಿ ಗಲಾಟೆ’. ಕಾನೂನಿನಲ್ಲಿ ಎರಡು ಬೇರೆ ಕೇಸು, ಎರಡು ಬೇರೆ ಗಡುವು. ಗ್ರಾಹಕರ ದೂರು ನಡೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ. ದೂರುದಾರರು ವಾಸವಿರುವ ಇಲ್ಲವೇ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸರಕಿಗೆ ತೆತ್ತ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ, ವಕೀಲರೂ ಕಡ್ಡಾಯವಲ್ಲ. ಟ್ರೇಡ್‌ಮಾರ್ಕ್ ದಾವೆ 1999ರ ಕಾಯ್ದೆಯಡಿ, ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಹೂಡುವಂತೆಯೇ ಇಲ್ಲ. ಜೊತೆಗೆ ಅದೇ ಕಾಯ್ದೆಯ 134ನೇ ಕಲಂ ವಾದಿಗೆ ತಾನು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹೂಡುವ ಸವಲತ್ತು ಕೊಟ್ಟಿದೆ. ಹಾಗಾಗಿಯೇ ಭದ್ರಾವತಿಯ ಅಂಗಡಿಗೆ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಸಮನ್ಸ್ ಬರುವುದು.

‘ದೆಹಲಿ ಕೋರ್ಟಿಗೂ ನನಗೂ ಏನು ಸಂಬಂಧ?’ ಎಂದು ಕವರನ್ನು ಮೂಲೆಗೆಸೆಯುವವರಿಗೆ ಒಂದು ಮಾತು. ಆ ಪ್ರಶ್ನೆಯಲ್ಲಿ ಹುರುಳಿರಬಹುದು. ಈ ಸವಲತ್ತಿಗೂ ಮಿತಿ ಇದೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ಸಂಜಯ್ ದಾಲಿಯಾ ಪ್ರಕರಣದಲ್ಲಿ ಹೇಳಿದೆ: ಪ್ರಧಾನ ಕಚೇರಿ ಇರುವ ಊರಿನಲ್ಲೇ ತಕರಾರು ಹುಟ್ಟಿದ್ದರೆ ಅದನ್ನು ಬಿಟ್ಟು ದೂರದ ಶಾಖೆಯ ಊರಿಗೆ ಎದುರಾಳಿಯನ್ನು ಎಳೆಯುವಂತಿಲ್ಲ. ಆದರೆ ಇದನ್ನು ಆ ಕೋರ್ಟಿಗೆ ಹೋಗಿಯೇ ಹೇಳಬೇಕು, ಮೊದಲ ಅವಕಾಶದಲ್ಲೇ ಹೇಳಬೇಕು. ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳಿದರೆ ಲೆಕ್ಕಕ್ಕಿಲ್ಲ.

ಬೇಡ ಎಂದರೂ ಮುಟ್ಟಿದಂತೆಯೇ

ಈಗ ಕವರಿನ ವಿಷಯ. ಎಲ್ಲ ಅನಾಹುತಕ್ಕೂ ಮೂಲ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸು ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಪೇಟೆಗಳಲ್ಲಿ ಬಲವಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಓದಿದರೆ ಅದು ಉಳಿಯುವುದಿಲ್ಲ. ಅಂಚೆಯಲ್ಲಿ ಬಂದುದನ್ನು ನಿರಾಕರಿಸಿದರೆ ಜಾರಿಯಾಯಿತು ಎಂದೇ ಕೋರ್ಟ್ ದಾಖಲಿಸುತ್ತದೆ. ಸರಿಯಾದ ವಿಳಾಸ ಬರೆದು ಕಳಿಸಿದ ಕವರಿನ ಸ್ವೀಕೃತಿ ಚೀಟಿ ಕಳೆದುಹೋಗಿ 30 ದಿನದಲ್ಲಿ ಬಾರದಿದ್ದರೂ ಜಾರಿಯಾಯಿತೆಂದೇ ಲೆಕ್ಕ. ಅಮೀನರು ಬಂದಾಗ ಸಹಿ ಹಾಕದಿದ್ದರೆ ಅಂಗಡಿಯ ಬಾಗಿಲಿಗೇ ಅಂಟಿಸಿ ಹೋಗಬಹುದು. ಅದೂ ಆಗದಿದ್ದರೆ ಕೋರ್ಟಿನ ಅನುಮತಿ ಪಡೆದು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ‘ನೀವು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗತಕ್ಕದ್ದು’ ಎಂಬ ಚೌಕ, ಅದೇ. ಗ್ರಾಹಕ ಆಯೋಗದ ನೋಟಿಸೂ ಹೀಗೆಯೇ, ಇಮೇಲಿನಂಥ ವಿದ್ಯುನ್ಮಾನ ದಾರಿಯಲ್ಲೂ ಬರಬಹುದು.

ಹಾಗಾಗಿ ಕವರನ್ನು ತೆಗೆದುಕೊಳ್ಳಿ. ತೆಗೆದುಕೊಂಡ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಕವರನ್ನು ಎಸೆಯಬೇಡಿ. ಎಣಿಕೆ ಶುರುವಾಗುವುದು ಆ ದಿನದಿಂದ. ಒಳಗೆ ದಾವೆಯ ಅಥವಾ ದೂರಿನ ಪ್ರತಿ ಇದೆಯೇ ನೋಡಿ, ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಗ್ರಾಹಕ ದೂರಿನಲ್ಲಿ ದಿನದ ಎಣಿಕೆ ಶುರುವಾಗಲು ನೋಟಿಸಿನ ಜೊತೆ ದೂರಿನ ಪ್ರತಿಯೂ ಮುಟ್ಟಿರಬೇಕು. ಬಂದದ್ದು ಕೋರ್ಟಿನ ಸಮನ್ಸೋ, ಕಂಪನಿಯ ವಕೀಲರ ಬರಿಯ ನೋಟಿಸೋ ಎಂದು ಗುರುತಿಸಿ. ಕೋರ್ಟಿನದಾದರೆ ಪ್ರಕರಣದ ಸಂಖ್ಯೆ, ವಾಯಿದೆಯ ದಿನಾಂಕ ಇರುತ್ತದೆ. 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಸಿಕ್ಕರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಪುಕ್ಕಟೆಯಾಗಿ ಕೇಸಿನ ಸ್ಥಿತಿ ನೋಡಬಹುದು.

ವಕೀಲರ ನೋಟಿಸು ಮಾತ್ರ ಬಂದಿದ್ದರೆ ನೀವು ಅದೃಷ್ಟವಂತರು. ದಾವೆ ಎಲ್ಲಿ ಬೀಳಬಹುದೋ ಆ ಕೋರ್ಟಿನಲ್ಲಿ ಕೇವಿಯಟ್ ಹಾಕಿ; 90 ದಿನ ಅದಕ್ಕೆ ಜೀವ. ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡುವುದನ್ನು ತಪ್ಪಿಸುವ ಅಗ್ಗದ ಉಪಾಯ ಇದು. ನಮ್ಮ ಕಡೆ ಜಮೀನಿನ ತಗಾದೆಯಲ್ಲಿ ಕೇವಿಯಟ್ ಹಾಕುವುದು ಸಾಮಾನ್ಯ, ಅಂಗಡಿಯ ಹೆಸರಿನ ವಿಷಯದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮೊದಲ ದಿನವೇ ಬರುವ ಏಕಪಕ್ಷೀಯ ತಡೆಯಾಜ್ಞೆ ಬೇರೆ, ಕೊನೆಗೆ ಬರುವ ಏಕಪಕ್ಷೀಯ ಡಿಕ್ರಿ ಬೇರೆ. ತುರ್ತು ಎಂದು ಕಂಡರೆ ಎದುರಾಳಿಗೆ ನೋಟಿಸು ಕೊಡದೆಯೇ ಕೋರ್ಟ್ ತಾತ್ಕಾಲಿಕ ತಡೆಯಾಜ್ಞೆ ಕೊಡಬಹುದು, ಕೋರ್ಟ್ ಕಮಿಷನರನ್ನು ನೇಮಿಸಿ ಅಂಗಡಿಯ ಸರಕು ಪಟ್ಟಿ ಮಾಡಿಸಬಹುದು. ನಕಲಿ ಮಾರುವವರ ಹೆಸರೇ ಗೊತ್ತಿಲ್ಲದಿದ್ದಾಗ ‘ಅಶೋಕ್ ಕುಮಾರ್’ ಎಂಬ ಗುಪ್ತನಾಮದ ಮೇಲೆಯೇ ಆದೇಶ ಪಡೆಯುವ ಪರಿಪಾಠವೂ ಇದೆ. ಊರಿನಲ್ಲಿರುವ ನಿಜವಾದ ಅಶೋಕ್ ಕುಮಾರರು ಗಾಬರಿಯಾಗಬೇಕಿಲ್ಲ. ಕಮಿಷನರು ಬಂದರೆ ಅಡ್ಡಿಪಡಿಸಬೇಡಿ. ಆದೇಶದ ಪ್ರತಿ ಕೇಳಿ ಪಡೆಯಿರಿ, ಡಬ್ಬಗಳ ಎಣಿಕೆಯನ್ನು ನೀವೂ ಮಾಡಿ, ತಪ್ಪಿದ್ದರೆ ಪಟ್ಟಿಯ ಮೇಲೆ ಬರೆದು ಸಹಿ ಹಾಕಿ. ತಡೆಯಾಜ್ಞೆ ಮೀರಿ ಮಾರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು ಎರಡಕ್ಕೂ ದಾರಿ ಇದೆ. ಅದನ್ನು ತೆರವು ಮಾಡಿಸಲು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಇಷ್ಟರಿಂದ ಕೇಸು ಮುಗಿಯಲಿಲ್ಲ, ಆಗಷ್ಟೇ ಶುರುವಾಗಿದೆ.

ನಲವತ್ತೈದು ಮತ್ತು ನೂರಿಪ್ಪತ್ತು

ಗ್ರಾಹಕ ಆಯೋಗದಲ್ಲಿ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಮತ್ತೆ 15. ಒಟ್ಟು 45. 46ನೇ ದಿನ ಎಷ್ಟೇ ಒಳ್ಳೆಯ ಕಾರಣ ಹೇಳಿದರೂ ಆಯೋಗಕ್ಕೆ ಅದನ್ನು ಒಪ್ಪಿಕೊಳ್ಳುವ ಅಧಿಕಾರವಿಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ಇದನ್ನು ಖಡಾಖಂಡಿತ ಹೇಳಿತು. ಅಲ್ಲಿ ನೋಟಿಸಿಗೆ ತಡವಾಗಿ ಉತ್ತರಿಸಲು ಹೊರಟಿದ್ದು ಸಣ್ಣ ಅಂಗಡಿಯಲ್ಲ, ನ್ಯೂ ಇಂಡಿಯಾ ಅಶ್ಯೂರೆನ್ಸ್.

ಟ್ರೇಡ್‌ಮಾರ್ಕ್ ದಾವೆಗಳು ಬಹುತೇಕ ವಾಣಿಜ್ಯ ನ್ಯಾಯಾಲಯದ ಲೆಕ್ಕಕ್ಕೆ ಬರುತ್ತವೆ. ದಾವೆಯ ಮೌಲ್ಯ 3 ಲಕ್ಷ ಮುಟ್ಟಿದರೆ ಸಾಕು. ಅಲ್ಲಿ ತಕರಾರು ಸಲ್ಲಿಸಲು ಮೊದಲು 30 ದಿನ, ಕಾರಣ ತೋರಿಸಿ ಖರ್ಚು ಕಟ್ಟಿದರೆ ಸಮನ್ಸ್ ಮುಟ್ಟಿದ ದಿನದಿಂದ ಒಟ್ಟು 120 ದಿನದವರೆಗೆ. ಅದು ದಾಟಿದರೆ ಬಾಗಿಲು ಮುಚ್ಚಿತು ಎಂದು 2019ರ ಎಸ್‌ಸಿಜಿ ಕಾಂಟ್ರ್ಯಾಕ್ಟ್ಸ್ ತೀರ್ಪು. ಸಾಧಾರಣ ಸಿವಿಲ್ ದಾವೆಗಳಲ್ಲಿ ಗಡುವು ದಾಟಿದರೂ ಕೋರ್ಟು ಕನಿಕರ ತೋರುವುದನ್ನು ಕಂಡವರು ಇಲ್ಲೂ ಅದೇ ನಿರೀಕ್ಷೆಯಲ್ಲಿ ಕೂತು ಕೆಡುತ್ತಾರೆ.

ಉತ್ತರ ಸಲ್ಲಿಸುವ ಹಕ್ಕು ಹೋದರೆ ಎಲ್ಲವೂ ಹೋಯಿತೇ? ಇಲ್ಲ. ಪ್ರತಿವಾದಿ ಬರಲಿಲ್ಲ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಡಿಕ್ರಿ ಬರೆಯುವಂತಿಲ್ಲ, ವಾದಿಯ ಹೇಳಿಕೆಯಲ್ಲೇ ಸಂಶಯವಿದ್ದರೆ ಸಾಕ್ಷ್ಯ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1999ರ ಬಲರಾಜ್ ತನೇಜಾ ಪ್ರಕರಣದಲ್ಲಿ ಹೇಳಿದೆ. ಒಂದು ವಾಯಿದೆಗೆ ತಪ್ಪಿಸಿಕೊಂಡವರು ಮುಂದಿನದಕ್ಕೆ ಬರಬಾರದೆಂದೇನೂ ಇಲ್ಲ. ಕೇಸು ಇರುವಲ್ಲಿಂದ ಸೇರಿಕೊಳ್ಳಬಹುದು ಎಂಬುದು 1955ರ ಸಂಗ್ರಾಮ್ ಸಿಂಗ್ ಪ್ರಕರಣದಷ್ಟು ಹಳೆಯ ಮಾತು. ವಿಚಾರಣೆ ಮುಗಿದಿಲ್ಲವೆಂದರೆ, ಸಕಾರಣ ತೋರಿಸಿ ಎಕ್ಸ್‌ಪಾರ್ಟಿ ಆದೇಶವನ್ನೇ ಹಿಂದಕ್ಕೆ ಪಡೆಯುವಂತೆ ಕೋರಬಹುದು. ‘ಹೇಗೂ ಎಕ್ಸ್‌ಪಾರ್ಟಿ ಆಗಿದೆ, ಇನ್ನೇಕೆ ಹೋಗುವುದು’ ಎಂದು ಕೈಚೆಲ್ಲುವುದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದುಬಾರಿ.

ಬಾಗಿಲು ಎರಡು, ಬೀಗ ಬೇರೆ

ಡಿಕ್ರಿಯೇ ಬಂದುಬಿಟ್ಟಿದೆ ಎಂದುಕೊಳ್ಳಿ.

ಟ್ರೇಡ್‌ಮಾರ್ಕ್ ದಾವೆಯಲ್ಲಾದರೆ ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಿ, ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅದನ್ನು ರದ್ದು ಮಾಡಿ ಎಂದು ಕೇಳಬಹುದು. ತೋರಿಸಬೇಕಾದದ್ದು ಎರಡರಲ್ಲಿ ಒಂದು: ಸಮನ್ಸ್ ಸರಿಯಾಗಿ ಜಾರಿಯಾಗಲಿಲ್ಲ, ಅಥವಾ ಬರದಿರಲು ಸಾಕಷ್ಟು ಕಾರಣವಿತ್ತು. ಗಡುವು ಡಿಕ್ರಿಯಾದ ದಿನದಿಂದ 30 ದಿನ. ಸಮನ್ಸೇ ಮುಟ್ಟಿರಲಿಲ್ಲವಾದರೆ ಡಿಕ್ರಿಯ ಸುದ್ದಿ ತಿಳಿದ ದಿನದಿಂದ 30. ‘ಹುಷಾರಿರಲಿಲ್ಲ’ ಎಂದರೆ ಆಸ್ಪತ್ರೆಯ ಚೀಟಿ ಬೇಕು. ‘ಅಂಗಡಿ ಬದಲಾಗಿತ್ತು’ ಎಂದರೆ ಬಾಡಿಗೆ ಕರಾರು, ಕರೆಂಟ್ ಬಿಲ್ಲು ತೋರಿಸಿ. ಜಾರಿಯಲ್ಲಿ ಸಣ್ಣಪುಟ್ಟ ಲೋಪವಿತ್ತೆಂಬ ನೆಪ ಮಾತ್ರ ನಡೆಯುವುದಿಲ್ಲ. ನಿಮಗೆ ದಿನಾಂಕ ಗೊತ್ತಿತ್ತು, ಬರಲು ಪುರಸೊತ್ತೂ ಇತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ ಅರ್ಜಿ ಬಿದ್ದುಹೋಗುತ್ತದೆ. ಒಪ್ಪಿದರೂ ಖರ್ಚು ಕಟ್ಟಿಸಬಹುದು, ಠೇವಣಿ ಇಡಿಸಬಹುದು. ಮೇಲ್ಮನವಿಯ ದಾರಿಯೂ ಇದೆ, ಆದರೆ ಮೇಲ್ಮನವಿ ಮೊದಲು ತೀರ್ಮಾನವಾಗಿಬಿಟ್ಟರೆ 13ನೇ ನಿಯಮದ ಅರ್ಜಿ ಸಾಯುತ್ತದೆ. ಈ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ವಕೀಲರ ಕೆಲಸ, ಕೇಳಿ ತಿಳಿದುಕೊಳ್ಳುವುದು ನಿಮ್ಮದು.

ಗ್ರಾಹಕ ಆಯೋಗದಲ್ಲಿ ಈ ಬಾಗಿಲೇ ಇಲ್ಲ. ಜಿಲ್ಲಾ ಆಯೋಗ ತಾನು ಕೊಟ್ಟ ಏಕಪಕ್ಷೀಯ ಆದೇಶವನ್ನು ತಾನೇ ರದ್ದು ಮಾಡಲಾರದು. ರಾಜೀವ್ ಹಿತೇಂದ್ರ ಪಾಠಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹಾಗೆ ತೀರ್ಮಾನಿಸಿತು. 2019ರ ಹೊಸ ಕಾಯ್ದೆಯೂ ಆ ಅಧಿಕಾರವನ್ನು ರಾಷ್ಟ್ರೀಯ ಆಯೋಗಕ್ಕೆ ಕೊಟ್ಟಿದೆಯೇ ಹೊರತು ಜಿಲ್ಲೆಗೆ ಕೊಟ್ಟಿಲ್ಲ. ಕಡತದಲ್ಲಿ ಕಣ್ಣಿಗೆ ಹೊಡೆಯುವ ತಪ್ಪಿದ್ದರೆ 30 ದಿನದೊಳಗೆ ಮರುಪರಿಶೀಲನೆ ಕೇಳಬಹುದು, ಅಷ್ಟೇ. ‘ನಾನು ಬಂದಿರಲಿಲ್ಲ’ ಎಂಬುದು ಕಡತದ ತಪ್ಪಲ್ಲ. ಉಳಿದದ್ದು ಬೆಂಗಳೂರಿನ ರಾಜ್ಯ ಆಯೋಗಕ್ಕೆ 45 ದಿನದಲ್ಲಿ ಮೇಲ್ಮನವಿ. ಅದಕ್ಕೆ ಮೊದಲು, ಕಟ್ಟಬೇಕೆಂದು ಆದೇಶವಾದ ಹಣದ ಅರ್ಧ ಭಾಗವನ್ನು ಠೇವಣಿ ಇಡಬೇಕು. ಭದ್ರಾವತಿಯಿಂದ ಇಪ್ಪತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು ಹೇಳಬಹುದಾಗಿದ್ದ ಮಾತನ್ನು, ಅರ್ಧ ದುಡ್ಡು ಕಟ್ಟಿ ಬೆಂಗಳೂರಿನಲ್ಲಿ ಹೇಳಬೇಕಾಗುತ್ತದೆ. ಶಿವಮೊಗ್ಗದ ಆಯೋಗಕ್ಕೇ ಮತ್ತೆ ಮತ್ತೆ ಅರ್ಜಿ ಹಾಕುತ್ತ ಕೂತರೆ ಆ 45 ದಿನವೂ ಕರಗುತ್ತದೆ.

ಬಂದಿದ್ದರೆ ಏನು ಹೇಳಬಹುದಿತ್ತು

ನಮ್ಮ ಕಾಲ್ಪನಿಕ ಮಿಕ್ಸಿ ಅಂಗಡಿಯವರ ಬಳಿ ಹೇಳಲು ನಿಜಕ್ಕೂ ಮಾತಿತ್ತು. ನೋಂದಾಯಿತ ಗುರುತೆಂದು ತನಗೆ ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ, ತಿಳಿದ ಕೂಡಲೇ ನಿಲ್ಲಿಸಿದೆ ಎಂದು ಮನವರಿಕೆ ಮಾಡಿಕೊಟ್ಟರೆ ಟ್ರೇಡ್‌ಮಾರ್ಕ್ ಕಾಯ್ದೆಯ 135ನೇ ಕಲಂ ಪ್ರಕಾರ ನಾಮಮಾತ್ರದ ಮೊತ್ತ ಬಿಟ್ಟರೆ ನಷ್ಟ ಪರಿಹಾರ, ಲಾಭದ ಲೆಕ್ಕ ಕೇಳುವಂತಿಲ್ಲ, ಉಳಿಯುವುದು ತಡೆಯಾಜ್ಞೆಯಷ್ಟೇ. ಹೆಸರಾಂತ ಗುರುತಿನ ವಿಷಯದಲ್ಲಿ ಇದನ್ನು ನಂಬಿಸುವುದು ಕಷ್ಟ ಎಂಬುದೂ ನಿಜ. ಗ್ರಾಹಕ ಕಾಯ್ದೆಯಲ್ಲಿ, ತಯಾರಕರು ಯಾರೆಂದೇ ತಿಳಿಯದಿದ್ದರೆ ಹೊಣೆ ಮಾರಿದವರ ತಲೆಗೆ ಬರುತ್ತದೆ. ಆದ್ದರಿಂದ ಸಗಟು ವ್ಯಾಪಾರಿಯ ಜಿಎಸ್‌ಟಿ ಬಿಲ್ಲು ಇಲ್ಲಿ ಬಂಗಾರ. ‘ಬಿಲ್ ಬೇಡ, ಸ್ವಲ್ಪ ಕಮ್ಮಿಗೆ ಕೊಡಿ’ ಎಂದು ತಂದ ಸರಕಿಗೆ ಈ ಎರಡೂ ರಕ್ಷಣೆ ಸಿಗುವುದು ದುಸ್ತರ.

ಅಪ್ಪೆಮಿಡಿ ಉಪ್ಪಿನಕಾಯಿಯದೋ ಸಾಂಬಾರ್ ಪುಡಿಯದೋ ಗೃಹೋದ್ಯಮ ನಡೆಸುವವರಿಗೆ ಬೇರೆ ವಾದಗಳಿವೆ. ಪ್ರಾಮಾಣಿಕವಾಗಿ ಸ್ವಂತ ಹೆಸರನ್ನೇ ಬಳಸಿದ್ದು, ಎದುರಾಳಿಗಿಂತ ಮೊದಲಿನಿಂದ ಬಳಸುತ್ತ ಬಂದದ್ದು, ಇವೆರಡನ್ನೂ ಕಾಯ್ದೆ ಮಾನ್ಯ ಮಾಡುತ್ತದೆ. ಹಳೆಯ ಲೇಬಲ್ಲು, ಹಳೆಯ ಬಿಲ್ ಪುಸ್ತಕ, ಊರಿನ ಜಾತ್ರೆಯ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತು ಎಲ್ಲವೂ ಸಾಕ್ಷಿಯೇ. ಪಾಲಿಕೆಯ ಲೈಸೆನ್ಸ್, ಜಿಎಸ್‌ಟಿ ಸಂಖ್ಯೆ, ಉದ್ಯಮ್ ಪ್ರಮಾಣಪತ್ರ ಮಾತ್ರ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಎಷ್ಟೋ ಜನ ಅವನ್ನೇ ಚೌಕಟ್ಟು ಹಾಕಿಸಿ ನೆಮ್ಮದಿಯಾಗಿದ್ದಾರೆ. ಕರ್ನಾಟಕದ ಟ್ರೇಡ್‌ಮಾರ್ಕ್ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ, ನೋಂದಣಿಯಾದರೆ 10 ವರ್ಷ.

ನಿಂತು ಹೋರಾಡಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ಪ್ರಕರಣವಿದೆ. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಮಾಚೇನಹಳ್ಳಿಯ ಶಿಮುಲ್ ಡೈರಿ ಗೊತ್ತು. ಅಲ್ಲಿಯ ಹಾಲು ಹೊರಬರುವ ‘ನಂದಿನಿ’ ಹೆಸರನ್ನು ಕೆಎಂಎಫ್ 1985ರಿಂದ ಬಳಸುತ್ತಿದೆ. ಬೆಂಗಳೂರಿನಲ್ಲಿ 1989ರಿಂದ ‘ನಂದಿನಿ ಡಿಲಕ್ಸ್’ ಹೋಟೆಲುಗಳಿವೆ. ಹೋಟೆಲಿನವರು ಆಹಾರ ಪದಾರ್ಥಗಳ ವರ್ಗದಲ್ಲಿ ಹೆಸರು ನೋಂದಾಯಿಸಲು ಹೋದಾಗ ಕೆಎಂಎಫ್ ತಕರಾರು ತೆಗೆಯಿತು. ಹೋಟೆಲಿನವರು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿ ಸೋತರು, ಕರ್ನಾಟಕ ಹೈಕೋರ್ಟಿನಲ್ಲೂ ಸೋತರು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ಆ ಹೆಸರು ಸಿಗಬಹುದು. ಅದು ನೋಂದಣಿಯ ಜಗಳ, ಉಲ್ಲಂಘನೆಯ ದಾವೆಯಲ್ಲ. ಆದರೂ ಇಷ್ಟು ದೊಡ್ಡ ಹೆಸರಿನ ಎದುರು ಎರಡು ಕಡೆ ಸೋತವರು ಮೂರನೆಯ ಕಡೆ ಗೆದ್ದದ್ದು ಹಾಜರಿದ್ದುದರಿಂದ.

ಬಾರದವರ ಕಥೆ ದೆಹಲಿ ಹೈಕೋರ್ಟಿನ 2005ರ ಟೈಮ್ ಪ್ರಕರಣದಲ್ಲಿದೆ. ಅಮೆರಿಕದ ‘ಟೈಮ್’ ಪತ್ರಿಕೆಯ ಕೆಂಪು ಅಂಚನ್ನೇ ಹೋಲುವ ಹಿಂದಿ ಪತ್ರಿಕೆಯವರು ಕೋರ್ಟಿಗೆ ಬರಲಿಲ್ಲ. ಏಕಪಕ್ಷೀಯ ಡಿಕ್ರಿಯಲ್ಲಿ ಬೇರೆ ಪರಿಹಾರದ ಜೊತೆ 5 ಲಕ್ಷ ರೂಪಾಯಿ ಬರೀ ದಂಡರೂಪದ ಪರಿಹಾರವೇ ಸೇರಿತು. ಅಂಥ ದಂಡ ವಿಧಿಸಲು ಕೊಟ್ಟ ತರ್ಕ ಸರಿಯಲ್ಲ ಎಂದು ಅದೇ ಹೈಕೋರ್ಟಿನ ವಿಭಾಗೀಯ ಪೀಠ 2014ರಲ್ಲಿ ಬೇರೊಂದು ಪ್ರಕರಣದಲ್ಲಿ ಹೇಳಿತು, ಒಂಬತ್ತು ವರ್ಷದ ಮೇಲೆ. ವಾದಿಯ ತರ್ಕದಲ್ಲಿನ ತೂತನ್ನು ತೋರಿಸಲು ಎದುರಿಗೆ ಯಾರೂ ಇಲ್ಲದಿದ್ದರೆ ಹೀಗಾಗುತ್ತದೆ.

ಇದೆಲ್ಲ ನಕಲಿ ಮಾರುವವರ ಪರ ವಕಾಲತ್ತು ಎಂದುಕೊಳ್ಳಬೇಡಿ. 2021ರ ಡಿಸೆಂಬರಿನಲ್ಲಿ ಮೈಸೂರಿನ ಬಳಿ ನಕಲಿ ನಂದಿನಿ ತುಪ್ಪದ ಘಟಕ ಸಿಕ್ಕಿತು, 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲ. ಗಂಧದೆಣ್ಣೆಯ ಕಾರ್ಖಾನೆ ಕಂಡಿದ್ದ ಶಿವಮೊಗ್ಗದವರಿಗೆ ಎರಡನೆಯದು ಹೊಟ್ಟೆ ಉರಿಸಿದ್ದರೆ ಸಹಜ. ಖೋಟಾ ಗುರುತು ಹಾಕುವುದಕ್ಕೂ ಅಂಥ ಸರಕು ಮಾರುವುದಕ್ಕೂ ಕ್ರಿಮಿನಲ್ ಶಿಕ್ಷೆ ಬೇರೆಯೇ ಇದೆ: ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ.

ವಕೀಲರ ಖರ್ಚಿಗೆ ಹೆದರುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು, ಸಹಾಯವಾಣಿ 15100. ಗ್ರಾಹಕರಿಗೆ 1915.

ಕೊನೆಯದಾಗಿ ಮಿಕ್ಸಿ ಕೊಂಡ ಆ ಗೃಹಿಣಿಯ ಕಡೆಗೆ. ಅಂಗಡಿಯವರು ಬಾರದಿದ್ದರೆ ಆಕೆ ಗೆದ್ದಂತೆಯೇ? ಆದೇಶ ಸಿಗಬಹುದು, ಆದರೆ ಅದಕ್ಕೂ ಬಿಲ್ಲು, ವಾರಂಟಿ ಕಾರ್ಡು, ಸರ್ವಿಸ್ ಸೆಂಟರಿನ ಚೀಟಿ, ಪ್ರಮಾಣಪತ್ರ ಎಲ್ಲ ಕೊಡಬೇಕು. ದೂರು ಎರಡು ವರ್ಷದೊಳಗೆ ಬಿದ್ದಿರಬೇಕು. ಆದೇಶ ಬಂದೂ ದುಡ್ಡು ಬರದಿದ್ದರೆ 71ನೇ ಕಲಂನಡಿ ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಕೇಳಬಹುದು, 72ರ ಅಡಿ ಶಿಕ್ಷೆಯನ್ನೂ: ಒಂದು ತಿಂಗಳಿಂದ ಮೂರು ವರ್ಷ ಜೈಲು, ಇಲ್ಲವೇ 25,000ದಿಂದ 1 ಲಕ್ಷ ದಂಡ, ಅಥವಾ ಎರಡೂ. ಆ ಹಂತದಲ್ಲಿ ಏಳುವ ತೊಡಕು ಬಹಳ ಸಾದಾ. ದೂರಿನಲ್ಲಿ ಬೋರ್ಡಿನ ಮೇಲಿನ ಹೆಸರಷ್ಟೇ ಇರುತ್ತದೆ, ಮಾಲೀಕರ ಹೆಸರಿರುವುದಿಲ್ಲ. ಆದೇಶ ಬರುವ ಹೊತ್ತಿಗೆ ಬೋರ್ಡು ಬದಲಾಗಿರುತ್ತದೆ. ದೂರು ಬರೆಯುವ ಮುಂಚೆ ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ. ಅಂಗಡಿಯ ಕಾನೂನುಬದ್ಧ ಹೆಸರು ಅಲ್ಲೇ ಸಿಗುತ್ತದೆ. ಒಬ್ಬರದೇ ಅಂಗಡಿಯಾದರೆ ಸಾಮಾನ್ಯವಾಗಿ ಅದು ಮಾಲೀಕರ ಹೆಸರೇ.